ಮೊಲದ ಹುಣ್ಣಿಗೆ ಮನೆಯಲ್ಲಿರುವ ಮಾತ್ರೆ ಕೊಡಬಹುದೇ?

ಪ್ರಶ್ನೆ: ಅಡಿಲೇಡಿನ ಬೆಡ್‌ಫರ್ಡ್ ಪಾರ್ಕ್‌ನಲ್ಲಿದ್ದೇವೆ. ಸಾಕುಮೊಲದ ಅಂಗಾಲು ಹುಣ್ಣಾಗಿದೆ. ಮನೆಯಲ್ಲಿರುವ ಅಮಾಕ್ಸಿಸಿಲಿನ್ ಕೊಡಬಹುದೇ?

ಉತ್ತರ: ಖಂಡಿತ ಬೇಡ. ಅಮಾಕ್ಸಿಸಿಲಿನ್‌ನಂಥ ಪೆನಿಸಿಲಿನ್ ಜಾತಿಯ ಮಾತ್ರೆ ಹೊಟ್ಟೆಗೆ ಹೋದರೆ ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳು ಸತ್ತು, ವಿಷ ಕಾರುವ ಕ್ಲಾಸ್ಟ್ರಿಡಿಯಂ ಹೆಚ್ಚುತ್ತದೆ. ಭೇದಿಯಾಗಿ ಪ್ರಾಣವೇ ಹೋದೀತು. (ಪೆನಿಸಿಲಿನ್ ಅನ್ನು ಮದ್ದಾಗಿಸಿದ ತಂಡದ ನಾಯಕ ಹೊವಾರ್ಡ್ ಫ್ಲೋರಿ 1898ರಲ್ಲಿ ಹುಟ್ಟಿದ್ದು ಅಡಿಲೇಡಿನಲ್ಲೇ!)

ಇಂಥ ಹುಣ್ಣಿನಲ್ಲಿ ಹೆಚ್ಚಾಗಿ ಸಿಗುವುದು ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಪೆನಿಸಿಲಿನ್ ಜಾತಿಯದೇ ಆದ ಮೆಥಿಸಿಲಿನ್‌ಗೂ ಬಗ್ಗದ ಅದರ ತಳಿಗಳು 1961ರಲ್ಲೇ ಬ್ರಿಟನ್ನಿನಲ್ಲಿ ವರದಿಯಾಗಿದ್ದವು. ಮನುಷ್ಯರಲ್ಲಿದ್ದ ಒಂದು ತಳಿ ಮೊಲಕ್ಕೆ ಅಂಟಲು ಡಿಎನ್‌ಎಯ ಒಂದೇ ಅಕ್ಷರ ಬದಲಾದರೆ ಸಾಕೆಂದು 2015ರ ಅಧ್ಯಯನವೊಂದು ತೋರಿಸಿತು.

ಮೊಲದ ಅಂಗಾಲಿಗೆ ನಾಯಿಗಿರುವಂಥ ಮೆತ್ತೆಯಿಲ್ಲ, ಇರುವುದು ಬರೀ ರೋಮ. ತಂತಿಬಲೆಯ ನೆಲ, ಒದ್ದೆ ಹಾಸು, ಮಿತಿಮೀರಿದ ತೂಕದಿಂದ ಅದು ಸವೆದು ಚರ್ಮ ಬಿರಿಯುತ್ತದೆ. ಒಣಹುಲ್ಲನ್ನು ದಪ್ಪಗೆ ಹಾಸಬೇಕು. ಪಶುವೈದ್ಯರಿಂದ ಕೀವಿನ ಕಲ್ಚರ್ ಮಾಡಿಸಿ, ಅವರು ಹೇಳಿದ ಮದ್ದನ್ನೇ ಕೊಡಬೇಕು.

ಅಂದಹಾಗೆ, ಬ್ರಿಸ್ಬೇನ್‌ಗೆ ಮನೆ ಬದಲಿಸುವ ಯೋಚನೆಯಿದ್ದರೆ: ಕ್ವೀನ್ಸ್‌ಲ್ಯಾಂಡಿನಲ್ಲಿ ಮೊಲವನ್ನು ಮುದ್ದಿಗಾಗಿ ಸಾಕುವುದೇ ಕಾನೂನುಬಾಹಿರ.