ಡಿಸ್ಟ್ರಿಬ್ಯೂಟರ್‌ನ ತಪ್ಪು ಜೋಡಣೆ

ಡಿಸ್ಟ್ರಿಬ್ಯೂಟರ್‌ನ ತಪ್ಪು ಜೋಡಣೆಯು ಹಳೆಯ ಪೆಟ್ರೋಲ್ ವಾಹನಗಳಲ್ಲಿ ಸಾಮಾನ್ಯವಾಗಿ ದುರಸ್ತಿಯ ನಂತರ ಕಂಡುಬರುವ ದೋಷವಾಗಿದೆ. ಸ್ಪಾರ್ಕ್ ಪ್ಲಗ್‌ಗಳಿಗೆ ಸರದಿಯಂತೆ ವಿದ್ಯುತ್ತನ್ನು ಹಂಚುವ ಡಿಸ್ಟ್ರಿಬ್ಯೂಟರನ್ನು ಎಂಜಿನ್ನಿನ ಗತಿಗೆ ಹೊಂದಿಸದೆ ಕೂರಿಸಿದಾಗ ಕಿಡಿಯು ತಪ್ಪು ಸಮಯದಲ್ಲಿ ಅಥವಾ ತಪ್ಪು ಸಿಲಿಂಡರಿನಲ್ಲಿ ಹೊಮ್ಮುತ್ತದೆ. ಯಾವ ಭಾಗವೂ ಕೆಟ್ಟಿರದಿದ್ದರೂ ಎಂಜಿನ್ ಚಾಲೂ ಆಗುವುದಿಲ್ಲ. ಕಾರಣ ತಿಳಿಯದೆ ಕಾರ್ಬ್ಯುರೇಟರ್ ಅಥವಾ ಇಗ್ನಿಷನ್ ಕಾಯಿಲ್ ಬದಲಾಯಿಸುವುದು, ಎಂಜಿನ್ನನ್ನೇ ಬಿಚ್ಚುವುದು ಮುಂತಾದ ಅನಗತ್ಯ ವೆಚ್ಚಗಳಿಗೆ ಇದು ದಾರಿ ಮಾಡಿಕೊಡುತ್ತದೆ.

ಹಿನ್ನೆಲೆ

ಬ್ಯಾಟರಿ, ಕಾಯಿಲ್, ಕಾಂಟ್ಯಾಕ್ಟ್ ಬ್ರೇಕರ್ ಹಾಗೂ ಡಿಸ್ಟ್ರಿಬ್ಯೂಟರ್‌ಗಳನ್ನು ಒಳಗೊಂಡ ದಹನ ವ್ಯವಸ್ಥೆಯನ್ನು ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದರು. ಇದು 1910ರ ಕ್ಯಾಡಿಲಾಕ್ ಕಾರುಗಳಲ್ಲಿ ಬಳಕೆಗೆ ಬಂದಿತು. ಭಾರತದಲ್ಲಿ ದೀರ್ಘಕಾಲ ತಯಾರಾದ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳ ಪೆಟ್ರೋಲ್ ಎಂಜಿನ್‌ಗಳಲ್ಲಿಯೂ ಇದೇ ವ್ಯವಸ್ಥೆಯಿತ್ತು. ಈ ಎರಡೂ ಕಾರುಗಳ ನಾಲ್ಕು ಸಿಲಿಂಡರ್‌ಗಳಲ್ಲಿ ಕಿಡಿ ಹೊಮ್ಮುವ ಕ್ರಮ 1-3-4-2.

ದೋಷ ಉಂಟಾಗುವ ಬಗೆ

ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ಹೀರುವಿಕೆ, ಸಂಪೀಡನ, ದಹನ ಮತ್ತು ವಿಸರ್ಜನೆ ಎಂಬ ನಾಲ್ಕು ಹಂತಗಳು ಮುಗಿಯಲು ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು, ಅಂದರೆ 720 ಡಿಗ್ರಿ ತಿರುಗಬೇಕು. ಕ್ಯಾಮ್‌ಶಾಫ್ಟ್‌ನಿಂದ ಚಾಲನೆ ಪಡೆಯುವ ಡಿಸ್ಟ್ರಿಬ್ಯೂಟರ್ ಅದರ ಅರ್ಧ ವೇಗದಲ್ಲಿ ತಿರುಗಿ, ಅಷ್ಟರಲ್ಲಿ ಒಂದೇ ಸುತ್ತು ಮುಗಿಸುತ್ತದೆ. ಹೀಗಾಗಿ ಒಂದನೆಯ ಸಿಲಿಂಡರಿನ ಪಿಸ್ಟನ್ ಪ್ರತಿ ಆವರ್ತದಲ್ಲಿ ಎರಡು ಬಾರಿ ತುದಿ ಮುಟ್ಟುತ್ತದೆ: ಸಂಪೀಡನದ ಕೊನೆಯಲ್ಲಿ ಒಮ್ಮೆ, ವಿಸರ್ಜನೆಯ ಕೊನೆಯಲ್ಲಿ ಮತ್ತೊಮ್ಮೆ. ಕ್ರ್ಯಾಂಕ್ ಪುಲ್ಲಿಯ ಮೇಲಿನ ಗುರುತು ಎರಡೂ ಬಾರಿ ಒಂದೇ ಸ್ಥಾನಕ್ಕೆ ಬರುತ್ತದೆ.

ಪುಲ್ಲಿಯ ಗುರುತನ್ನು ಮಾತ್ರ ನೋಡಿ, ವಿಸರ್ಜನೆಯ ತುದಿಯನ್ನು ಸಂಪೀಡನದ ತುದಿಯೆಂದು ಭಾವಿಸಿ ಜೋಡಿಸಿದರೆ ಡಿಸ್ಟ್ರಿಬ್ಯೂಟರ್ 180 ಡಿಗ್ರಿಯಷ್ಟು ತಪ್ಪಾಗಿ ಕೂರುತ್ತದೆ. ಆಗ ಒಂದನೆಯ ಸಿಲಿಂಡರಿಗೆ ಸಲ್ಲಬೇಕಾದ ಕಿಡಿ ನಾಲ್ಕನೆಯದಕ್ಕೂ, ಮೂರನೆಯದರ ಕಿಡಿ ಎರಡನೆಯದಕ್ಕೂ ಹೋಗುತ್ತದೆ.

ಅಂಬಾಸಿಡರ್‌ನಲ್ಲಿ ಬಳಕೆಯಾದ ಬಿಎಂಸಿ ಬಿ-ಸರಣಿಯ 1489 ಸಿಸಿ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರ್ ಕೂರುವ ಸೀಳು ಮಧ್ಯದಿಂದ ಸ್ವಲ್ಪ ಸರಿದಿರುವುದರಿಂದ ಡಿಸ್ಟ್ರಿಬ್ಯೂಟರ್ ಒಂದೇ ರೀತಿಯಲ್ಲಿ ಒಳಹೋಗುತ್ತದೆ. ಆದರೆ ಅದರ ಕೆಳಗಿನ ಚಾಲಕ ದಂಡವನ್ನು ಹೊರತೆಗೆದು ಮರಳಿ ಹಾಕುವಾಗ ತಪ್ಪು ನುಸುಳುವ ಸಾಧ್ಯತೆಯಿದೆ. ಈ ದಂಡದ ಹಲ್ಲುಗಳು ಓರೆಯಾಗಿರುವುದರಿಂದ ಅದು ಒಳಗಿಳಿಯುತ್ತಿರುವಂತೆಯೇ ತಿರುಗುತ್ತದೆ. ಈ ತಿರುಗುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಜೋಡಣೆ ಒಂದೆರಡು ಹಲ್ಲುಗಳಷ್ಟು ತಪ್ಪುತ್ತದೆ.

ಲಕ್ಷಣಗಳು

180 ಡಿಗ್ರಿ ತಪ್ಪಿದ ಎಂಜಿನ್ನಿನಲ್ಲಿ ಸಂಪೀಡನದ ಕೊನೆಯಲ್ಲಿ ಕಿಡಿ ಇರುವುದಿಲ್ಲ. ಉರಿಯದೆ ಉಳಿದ ಮಿಶ್ರಣಕ್ಕೆ ಕವಾಟಗಳು ತೆರೆದಿರುವ ಸಮಯದಲ್ಲಿ ಕಿಡಿ ತಗುಲಿ, ಕಾರ್ಬ್ಯುರೇಟರ್ ಅಥವಾ ಸೈಲೆನ್ಸರ್ ಮೂಲಕ ಸಿಡಿತದ ಸದ್ದು ಕೇಳಿಬರುತ್ತದೆ. ಸ್ಟಾರ್ಟರ್ ಎಂಜಿನ್ನನ್ನು ತಿರುಗಿಸಿದರೂ ಅದು ಹೊತ್ತಿಕೊಳ್ಳುವುದಿಲ್ಲ. ಏರ್ ಫಿಲ್ಟರ್ ತೆಗೆದಿಟ್ಟು ಪದೇ ಪದೇ ಪ್ರಯತ್ನಿಸಿದರೆ ಕಾರ್ಬ್ಯುರೇಟರ್‌ನಿಂದ ಚಿಮ್ಮುವ ಜ್ವಾಲೆ ಬೆಂಕಿ ಅನಾಹುತಕ್ಕೆ ಕಾರಣವಾಗಬಹುದು.

ಪತ್ತೆ ಹಚ್ಚುವ ವಿಧಾನ

ಪ್ಲಗ್ ವೈರುಗಳು ಅದಲುಬದಲಾದಾಗಲೂ ಇದೇ ಲಕ್ಷಣಗಳು ತೋರುವುದರಿಂದ ಮೊದಲು ಅವುಗಳ ಕ್ರಮವನ್ನು ಪರಿಶೀಲಿಸಲಾಗುತ್ತದೆ. ನಂತರದ ಹಂತಗಳು ಹೀಗಿವೆ:

1. ಇಗ್ನಿಷನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಹಾಕಿ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಒಂದನೆಯ ಸಿಲಿಂಡರಿನ ಪ್ಲಗ್ ಬಿಚ್ಚಬೇಕು.
2. ಪ್ಲಗ್ ರಂಧ್ರವನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು, ಎಂಜಿನ್ನನ್ನು ಅದು ಓಡುವ ದಿಕ್ಕಿನಲ್ಲಿಯೇ ಕೈಯಿಂದ ನಿಧಾನವಾಗಿ ತಿರುಗಿಸಬೇಕು. ಗಾಳಿಯ ಒತ್ತಡ ಬೆರಳನ್ನು ಹೊರದೂಡಿದರೆ ಅದು ಸಂಪೀಡನದ ಹಂತ.
3. ಅಲ್ಲಿಂದ ಮುಂದೆ ಪುಲ್ಲಿಯ ಗುರುತು ಕೂಡುವವರೆಗೆ ತಿರುಗಿಸಬೇಕು.
4. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆರೆದು ನೋಡಿದಾಗ ರೋಟರ್ ಒಂದನೆಯ ಪ್ಲಗ್‌ನ ವೈರ್ ಇರುವ ಸ್ಥಾನದತ್ತ ಮುಖ ಮಾಡಿರಬೇಕು. ಅದಕ್ಕೆ ನೇರ ವಿರುದ್ಧ ದಿಕ್ಕಿನಲ್ಲಿದ್ದರೆ ಜೋಡಣೆ 180 ಡಿಗ್ರಿ ತಪ್ಪಿದೆ ಎಂದರ್ಥ.

ಸರಿಪಡಿಸುವಿಕೆ

ತಾತ್ಕಾಲಿಕವಾಗಿ ಕ್ಯಾಪ್‌ನಲ್ಲಿರುವ ನಾಲ್ಕೂ ವೈರುಗಳನ್ನು ಎದುರು ಸ್ಥಾನಗಳಿಗೆ ಬದಲಿಸಿದರೆ ಎಂಜಿನ್ ಸರಿಯಾಗಿಯೇ ಓಡುತ್ತದೆ. ಆದರೆ ಮುಂದೆ ಕೈಪಿಡಿಯನ್ನು ನಂಬಿ ಕೆಲಸ ಮಾಡುವ ಮೆಕ್ಯಾನಿಕ್ ಇದರಿಂದ ದಾರಿ ತಪ್ಪುವ ಸಂಭವವಿದೆ. ಚಾಲಕ ದಂಡವನ್ನು ಹೊರತೆಗೆದು ಕೈಪಿಡಿಯಲ್ಲಿ ಸೂಚಿಸಿದ ಕೋನದಲ್ಲಿ ಮರಳಿ ಕೂರಿಸುವುದೇ ಶಾಶ್ವತ ಪರಿಹಾರ. ಆನಂತರ ಕಿಡಿಯ ಸಮಯವನ್ನು ಪರೀಕ್ಷಾ ದೀಪ ಅಥವಾ ಟೈಮಿಂಗ್ ಲೈಟ್ ಬಳಸಿ ನಿಖರವಾಗಿ ಹೊಂದಿಸಲಾಗುತ್ತದೆ.

ಸಣ್ಣ ತಪ್ಪಿನ ಅಪಾಯ

180 ಡಿಗ್ರಿಯ ತಪ್ಪು ಎಂಜಿನ್ ಚಾಲೂ ಆಗುವುದನ್ನೇ ತಡೆಯುವುದರಿಂದ ಬೇಗ ಗಮನಕ್ಕೆ ಬರುತ್ತದೆ. ಕೆಲವೇ ಡಿಗ್ರಿಗಳ ತಪ್ಪಿನಲ್ಲಿ ಎಂಜಿನ್ ಓಡುತ್ತಲೇ ಹಾನಿಗೊಳಗಾಗುತ್ತದೆ. ಕಿಡಿ ತೀರ ಮುಂಚಿತವಾದರೆ ಏರು ಹತ್ತುವಾಗ ಕುಟ್ಟುವ ಸದ್ದು ಬರುತ್ತದೆ. ಇದು ಮುಂದುವರಿದರೆ ಪಿಸ್ಟನ್‌ಗಳಿಗೆ ಹಾನಿಯಾಗುತ್ತದೆ. ತೀರ ತಡವಾದರೆ ಶಕ್ತಿ ಕುಂದಿ, ಎಂಜಿನ್ ಬಿಸಿಯೇರಿ, ಇಂಧನ ಹೆಚ್ಚು ವ್ಯಯವಾಗುತ್ತದೆ. ಹ್ಯಾಂಡಲ್ ಹಾಕಿ ಚಾಲೂ ಮಾಡುವ ವಾಹನಗಳಲ್ಲಿ ಮುಂಚಿತವಾದ ಕಿಡಿಯಿಂದ ಹ್ಯಾಂಡಲ್ ಹಿಮ್ಮುಖವಾಗಿ ಎಗರಿ ಮಣಿಕಟ್ಟು ಮುರಿಯುವ ಅಪಾಯವೂ ಇದೆ.

ಮುನ್ನೆಚ್ಚರಿಕೆ

ಡಿಸ್ಟ್ರಿಬ್ಯೂಟರ್ ಬಿಚ್ಚುವ ಮೊದಲು ಒಂದನೆಯ ಪಿಸ್ಟನ್ನನ್ನು ಸಂಪೀಡನದ ತುದಿಗೆ ತಂದು, ರೋಟರ್‌ನ ದಿಕ್ಕನ್ನೂ ಡಿಸ್ಟ್ರಿಬ್ಯೂಟರ್ ಎಂಜಿನ್ನಿಗೆ ಕೂಡುವ ಜಾಗವನ್ನೂ ಗುರುತು ಮಾಡಿಕೊಳ್ಳುವುದು, ವೈರುಗಳಿಗೆ ಸಂಖ್ಯೆ ಕಟ್ಟುವುದು ಹಾಗೂ ಮರುಜೋಡಣೆಯವರೆಗೆ ಎಂಜಿನ್ನನ್ನು ತಿರುಗಿಸದಿರುವುದು ಈ ದೋಷವನ್ನು ತಪ್ಪಿಸುವ ಸರಳ ಕ್ರಮಗಳಾಗಿವೆ. ಸಂವೇದಕಗಳ ನೆರವಿನಿಂದ ಕಿಡಿಯ ಸಮಯವನ್ನು ನಿರ್ಧರಿಸುವ ಇಂದಿನ ಎಂಜಿನ್‌ಗಳಲ್ಲಿ ಡಿಸ್ಟ್ರಿಬ್ಯೂಟರ್ ಇಲ್ಲದಿರುವುದರಿಂದ ಈ ದೋಷವು ಮುಖ್ಯವಾಗಿ ಹಳೆಯ ವಾಹನಗಳಿಗೆ ಸೀಮಿತವಾಗಿದೆ.