ಭಿನ್ನರಾಶಿಗಳ ಅಪವರ್ತನ

ಗಣಿತವೆಂದರೆ ಹಿಂಜರಿಯುವ ಮಕ್ಕಳನ್ನು ವಿಚಾರಿಸಿದಲ್ಲಿ, ಅವರ ಭೀತಿಯು ಬಹುಮಟ್ಟಿಗೆ ಭಿನ್ನರಾಶಿಗಳ ಪಾಠದಲ್ಲಿಯೇ ಮೊಳೆತುದೆಂಬುದು ನಮ್ಮ ಅನುಭವಕ್ಕೆ ಬಂದಿದೆ. ಭಿನ್ನವನ್ನು ಸಂಕ್ಷೇಪಿಸುವುದೆಂದರೆ ಮೇಲೊಂದು ಕೆಳಗೊಂದು ಅಂಕಿಯನ್ನು ಹೊಡೆದುಹಾಕುವುದೆಂದು ಅವರು ತಿಳಿದಿರುತ್ತಾರೆ. ೧೬/೬೪ ಎಂಬಲ್ಲಿ ಎರಡು ಆರುಗಳನ್ನೂ ಹೊಡೆದರೆ ೧/೪ ಉಳಿಯುತ್ತದೆ, ಉತ್ತರವೂ ಸರಿಯೇ. ಆದರೆ ಇದು ಕೇವಲ ಕಾಕತಾಳೀಯ. ೧೫/೫೪ ರಲ್ಲಿ ಐದುಗಳನ್ನು ಹೊಡೆದವನಿಗೂ ೧/೪ ಎಂದೇ ಬರುವುದು; ನಿಜವಾದ ಉತ್ತರ ೫/೧೮. ಒಂದೇ ಕೆಲಸಕ್ಕೆ ಒಮ್ಮೆ ಮೆಚ್ಚುಗೆ, ಒಮ್ಮೆ ಗದರಿಕೆ ದೊರೆತ ಬಾಲಕನು ಗಣಿತದಲ್ಲಿ ನ್ಯಾಯವೇ ಇಲ್ಲವೆಂದು ಬಗೆದರೆ ತಪ್ಪು ಅವನದಲ್ಲ.

ಆದಕಾರಣ ಮೊದಲು ತತ್ತ್ವವನ್ನು ತಿಳಿಸತಕ್ಕದ್ದು. ಒಂದು ಹೋಳಿಗೆಯನ್ನು ನಾಲ್ಕು ಸಮಭಾಗ ಮಾಡಿ ಮೂರನ್ನು ಬಡಿಸಿದರೂ, ಎಂಟು ಸಮಭಾಗ ಮಾಡಿ ಆರನ್ನು ಬಡಿಸಿದರೂ, ಎಲೆಗೆ ಬಿದ್ದ ಹೋಳಿಗೆ ಅಷ್ಟೇ. ೧೯೫೭ ರಲ್ಲಿ ದಶಮಾಂಶ ನಾಣ್ಯಗಳು ಬರುವ ಮುಂಚೆ ರೂಪಾಯಿಗೆ ಹದಿನಾರಾಣೆ. ಹನ್ನೆರಡಾಣೆಯನ್ನು ಮುಕ್ಕಾಲು ರೂಪಾಯಿ ಎನ್ನುತ್ತಿದ್ದ ನಮ್ಮ ಹಿರಿಯರು ೧೨/೧೬ ನ್ನು ೩/೪ ಕ್ಕೆ ಇಳಿಸುತ್ತಿದ್ದರಲ್ಲವೆ? ಅಂಶವನ್ನೂ ಛೇದವನ್ನೂ ಒಂದೇ ಸಂಖ್ಯೆಯಿಂದ ಶೇಷವಿಲ್ಲದಂತೆ ಭಾಗಿಸಿದರೆ ಬೆಲೆ ಕೆಡುವುದಿಲ್ಲ, ತತ್ತ್ವ ಇಷ್ಟೇ.

೮೪/೧೨೬ ನ್ನು ಎರಡರಿಂದ ಭಾಗಿಸಿದರೆ ೪೨/೬೩, ಮೂರರಿಂದ, ೧೪/೨೧, ಏಳರಿಂದ, ೨/೩. ಒಂದನ್ನುಳಿದು ಬೇರೆ ಸಾಮಾನ್ಯ ಭಾಜಕವಿಲ್ಲದಾಗ ನಿಲ್ಲಬೇಕು.

ಭಾಜಕವು ಕಣ್ಣಿಗೆ ಕಾಣದಿದ್ದರೇನು ಮಾಡುವುದು? ೧೯೫/೨೨೧ ನ್ನು ಕೊಟ್ಟರೆ ಜಾಣ ಹುಡುಗರೂ ಇದು ಇಳಿಯದೆಂದು ಕೈಬಿಡುವರು. ಈ ಎರಡು ಸಂಖ್ಯೆಗಳು ಭಾಸ್ಕರಾಚಾರ್ಯರು ೧೧೫೦ ರಲ್ಲಿ ರಚಿಸಿದ ಲೀಲಾವತಿಯ ಕುಟ್ಟಕ ಪ್ರಕರಣದಲ್ಲಿ ಬರುತ್ತವೆ. ಅಲ್ಲಿ ಹೇಳಿರುವ ಉಪಾಯ ಪರಸ್ಪರ ಭಾಗಾಹಾರ. ೨೨೧ ನ್ನು ೧೯೫ ರಿಂದ ಭಾಗಿಸಿದರೆ ಶೇಷ ೨೬. ೧೯೫ ನ್ನು ೨೬ ರಿಂದ ಭಾಗಿಸಿದರೆ ಶೇಷ ೧೩. ೨೬ ನ್ನು ೧೩ ರಿಂದ ಭಾಗಿಸಿದರೆ ಶೇಷವಿಲ್ಲ. ಕೊನೆಯ ಭಾಜಕವಾದ ೧೩ ಮಹತ್ತಮ ಸಾಮಾನ್ಯ ಭಾಜಕ. ಅದರಿಂದ ಭಾಗಿಸಲು ೧೫/೧೭ ದೊರೆಯಿತು. ಹೀಗೆ ಇಳಿಸುವುದಕ್ಕೆ ಅಪವರ್ತನವೆಂದು ಹೆಸರು. ಇಳಿದು ನಿಂತ ಸಂಖ್ಯೆಗಳಿಗೆ ಆಚಾರ್ಯರು ಕೊಟ್ಟ ಸಂಜ್ಞೆ 'ದೃಢ'. ಇನ್ನು ಅಲುಗಿಸಲಾಗದ್ದು ಎಂಬ ಅರ್ಥವು ಎಷ್ಟು ಸೊಗಸಾಗಿದೆ!

ಒಂದು ಎಚ್ಚರಿಕೆ. ಸಂಕ್ಷೇಪವು ಗುಣಾಕಾರಕ್ಕೆ ಸಲ್ಲುವುದು, ಸಂಕಲನಕ್ಕೆ ಸಲ್ಲದು. (೨×೩)/(೨×೫) ರಲ್ಲಿ ಎರಡನ್ನು ತೆಗೆಯಬಹುದು, ೩/೫ ಬರುವುದು. (೨+೩)/(೨+೫) ಎಂಬುದಾದರೋ ೫/೭. ಅಲ್ಲಿ ಎರಡನ್ನು ಹೊಡೆದರೆ ಲೆಕ್ಕ ಕೆಟ್ಟಿತು. ಬೀಜಗಣಿತದಲ್ಲಿ ಎಡವುವ ವಿದ್ಯಾರ್ಥಿಗಳಲ್ಲಿ ಅನೇಕರು ಈ ಕಲ್ಲಿಗೇ ಎಡವುತ್ತಾರೆ.

ಗೃಹಸ್ಥರಲ್ಲಿ ನಮ್ಮ ಬಿನ್ನಹ ಇಷ್ಟು: ಮಕ್ಕಳ ಉತ್ತರವನ್ನು ನೋಡಿ ತೃಪ್ತರಾಗಬೇಡಿರಿ, "ಯಾವ ಸಂಖ್ಯೆಯಿಂದ ಭಾಗಿಸಿದೆ, ಮಗು?" ಎಂದು ಕೇಳಿರಿ. ಹೊಡೆದುಹಾಕಿದವನು ತಡವರಿಸುವನು, ಭಾಗಿಸಿದವನು ಥಟ್ಟನೆ ಹೇಳುವನು. ತಡವರಿಸಿದವನನ್ನು ಗದರದೆ ಹೋಳಿಗೆಯಿಂದಲೇ ಮತ್ತೆ ಆರಂಭಿಸಿರಿ.