ಚಿತ್ರ ಹೋಯಿತು, ಕೊಂಡಿ ಉಳಿಯಿತು!

ವಿಕಿಪೀಡಿಯದ ಪುಟವೊಂದನ್ನು ತೆರೆದಾಗ ಚಿತ್ರವಿರಬೇಕಾದ ಜಾಗದಲ್ಲಿ ಕೆಂಪಕ್ಷರದ ಹೆಸರೊಂದು ಮಾತ್ರ ಕುಳಿತಿರುವುದನ್ನು ನೀವು ನೋಡಿರಬಹುದು. ಶಾಲೆ ಬಿಟ್ಟುಹೋದ ಹುಡುಗನ ಹೆಸರು ಹಾಜರಿ ಪುಸ್ತಕದಲ್ಲಿ ಉಳಿದುಬಿಟ್ಟಂತೆ!

ಲೇಖನದೊಳಗೆ ಚಿತ್ರವೇ ಇರುವುದಿಲ್ಲ. 'ಚಿತ್ರ:' ಎಂದು ಬರೆದು ಮುಂದೆ ಅದರ ಹೆಸರು ಕೊಟ್ಟಿರುತ್ತಾರೆ, ಅಷ್ಟೆ. ಬಹುಪಾಲು ಚಿತ್ರಗಳು ಇರುವುದು 'ಕಾಮನ್ಸ್' ಎಂಬ ಉಗ್ರಾಣದಲ್ಲಿ. 2004ರಲ್ಲಿ ಆರಂಭವಾದ ಇದರಲ್ಲಿ ಈಗ 10 ಕೋಟಿಗೂ ಹೆಚ್ಚು ಕಡತಗಳಿವೆ. ಯಾವ ಪುಟ ಯಾವ ಚಿತ್ರವನ್ನು ಬಳಸುತ್ತಿದೆ ಎಂಬುದನ್ನು ಡೇಟಾಬೇಸಿನ ಕೋಷ್ಟಕವೊಂದು ಸಾಲು ಸಾಲಾಗಿ ಬರೆದಿಟ್ಟುಕೊಳ್ಳುತ್ತದೆ.

ಕಸ ಸೇರುವುದು ಇಲ್ಲೇ. ಬಾವುಟದ ಒಂದು ಚಿತ್ರ ಸಾವಿರ ಪುಟಗಳಲ್ಲಿದ್ದರೆ ಅದರ ಉದ್ದನೆಯ ಹೆಸರನ್ನು ಸಾವಿರ ಸಲ ಬರೆಯಬೇಕೆ? ಒಂದೇ ಸಂಗತಿಯನ್ನು ಹಲವೆಡೆ ಬರೆದಿಡುವುದರ ತೊಂದರೆಯನ್ನು ಐಬಿಎಂನ ಎಡ್ಗರ್ ಕಾಡ್ 1970ರಲ್ಲೇ ತಮ್ಮ ಪ್ರಬಂಧದಲ್ಲಿ ಚರ್ಚಿಸಿದ್ದರು. ಕನ್ನಡಕ್ಕಂತೂ ಈ ಹೊರೆ ಇನ್ನೂ ಹೆಚ್ಚು. ಗಣಕದ ಯುಟಿಎಫ್-8 ಲಿಪಿ ಸಂಕೇತದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೇಕು. ಒತ್ತು, ದೀರ್ಘಗಳನ್ನೂ ಎಣಿಸಿದರೆ 'ಕರ್ನಾಟಕ' ಎಂಬ ಪುಟ್ಟ ಪದಕ್ಕೆ 21 ಬೈಟ್!

ಪರಿಹಾರ ಸರಳ. ಹೆಸರನ್ನು ಒಂದೇ ಕಡೆ ಬರೆದು ಅದಕ್ಕೊಂದು ಸಂಖ್ಯೆ ಕೊಡುವುದು, ಉಳಿದೆಡೆ ಆ ಸಂಖ್ಯೆಯನ್ನಷ್ಟೇ ಬರೆಯುವುದು. ಹೀಗೆ ಮಾಡುವ ಕೆಲಸ 2022ರಲ್ಲಿ ಟೆಂಪ್ಲೇಟುಗಳ ಕೊಂಡಿಗಳಿಂದ ಶುರುವಾಯಿತು. ಇತರ ಕೊಂಡಿಗಳ ಸರದಿ ಆಮೇಲೆ. ನಡೆಯುತ್ತಿರುವ ತಾಣವನ್ನು ನಿಲ್ಲಿಸುವಂತಿಲ್ಲ. ಆದ್ದರಿಂದ ಮೊದಲು ಹಳೆಯ ಹಾಗೂ ಹೊಸ ಅಂಕಣಗಳೆರಡರಲ್ಲೂ ಬರೆಯುತ್ತಾರೆ. ಹಳೆಯ ಸಾಲುಗಳಿಗೂ ಸಂಖ್ಯೆ ತುಂಬುತ್ತಾರೆ. ಬಳಿಕ ಓದುವುದನ್ನು ಹೊಸದರಿಂದ ಆರಂಭಿಸುತ್ತಾರೆ. ಎಲ್ಲ ಸರಿಯಿದ್ದರೆ ಮಾತ್ರ ಹಳೆಯದನ್ನು ಕಿತ್ತುಹಾಕುವುದು. ಹೊಸ ಸೇತುವೆ ಮುಗಿಯುವವರೆಗೂ ಹಳೆಯದನ್ನು ಕೆಡವದ ಜಾಣತನ ಇದು.

ಇಷ್ಟು ಎಚ್ಚರವಿದ್ದರೂ ಇಲ್ಲಿ ತಪ್ಪಾದರೆ ಗಾಬರಿಯಿಲ್ಲ. ಲೇಖನದ ಪಠ್ಯವನ್ನು ಮತ್ತೆ ಓದಿಸಿ ಕೋಷ್ಟಕವನ್ನು ಹೊಸದಾಗಿ ಕಟ್ಟಬಹುದು. ಅಪಾಯವಿರುವುದು ಪಠ್ಯಕ್ಕೇ ಕೈಹಾಕಿದಾಗ. ಹಕ್ಕುಸ್ವಾಮ್ಯದ ತಕರಾರಿನಿಂದಲೋ ಮತ್ತಾವ ಕಾರಣಕ್ಕೋ ಕಾಮನ್ಸಿನಲ್ಲಿ ಚಿತ್ರವೊಂದನ್ನು ಅಳಿಸಿದರೆನ್ನಿ. 'ಕಾಮನ್ಸ್ ಡಿಲಿಂಕರ್' ಎಂಬ ಸ್ವಯಂಚಾಲಿತ ಬಾಟ್ ಬೇರೆ ಬೇರೆ ಭಾಷೆಗಳ ವಿಕಿಗಳಿಗೆ ಹೋಗಿ ಆ ಹೆಸರನ್ನು ಲೇಖನಗಳಿಂದಲೇ ತೆಗೆಯುತ್ತದೆ. ಕೆಂಪಕ್ಷರ ಮಾಯವಾಗಿ ಪುಟ ಚೊಕ್ಕಟವಾಗುತ್ತದೆ, ನಿಜ. ಆದರೆ ಅಲ್ಲೊಂದು ಚಿತ್ರವಿತ್ತು ಎಂಬ ಸುಳಿವೂ ಓದುಗನಿಗೆ ಸಿಗುವುದಿಲ್ಲ. ಅಳಿಸಿದ ಚಿತ್ರವನ್ನು ನಿರ್ವಾಹಕರು ಮರಳಿ ತರಬಲ್ಲರು. ಪುಟದ ಇತಿಹಾಸ ಹುಡುಕಿ ಕೊಂಡಿಯನ್ನು ಮತ್ತೆ ಕೂರಿಸಲು ಮಾತ್ರ ಯಾರಾದರೂ ಗಮನಿಸಬೇಕು. ಕಾವಲಿಗೆ ನಿಂತವರು ಕಡಿಮೆಯಿರುವ ಕನ್ನಡದಂಥ ವಿಕಿಯಲ್ಲಿ ಇದು ಸಣ್ಣ ಮಾತಲ್ಲ. ನನ್ನನ್ನು ಕೇಳಿದರೆ, ಆ ಕೆಂಪಕ್ಷರ ಕೆಲವು ದಿನ ಕಣ್ಣಿಗೆ ಚುಚ್ಚುತ್ತಿದ್ದರೇ ಒಳ್ಳೆಯದು.

ಒಂದೇ ಚಿತ್ರ ಎರಡು ಹೆಸರಿನಲ್ಲಿ ಸೇರಿಕೊಳ್ಳುವುದೂ ಉಂಟು. ಪ್ರತಿ ಕಡತಕ್ಕೂ 'ಶಾ-1' ಎಂಬ ಗಣಿತಕ್ರಮದಿಂದ ಬೆರಳಚ್ಚಿನಂಥ ಗುರುತು ತೆಗೆದಿಟ್ಟಿರುವುದರಿಂದ ತದ್ರೂಪಿ ಪ್ರತಿಗಳು ಸುಲಭವಾಗಿ ಸಿಕ್ಕಿಬೀಳುತ್ತವೆ. ಅಂಚು ಕತ್ತರಿಸಿದ ಅಥವಾ ಕಿರಿದಾಗಿಸಿದ ಪ್ರತಿ ಸಿಗುವುದಿಲ್ಲ. ಒಂದು ಬಿಟ್ ಬದಲಾದರೂ ಗುರುತೇ ಬದಲಾಗುತ್ತದೆ. ಅಂಥವನ್ನು ಪತ್ತೆಹಚ್ಚಲು ಈ ಗುರುತು ಸಾಲದು.

ಇನ್ನು ಯಾವ ಲೇಖನದಿಂದಲೂ ಕೊಂಡಿಯಿಲ್ಲದ ಚಿತ್ರಗಳೂ ಕಾಮನ್ಸಿನಲ್ಲಿ ಬೇಕಾದಷ್ಟಿವೆ. ಯಾರೂ ಬಳಸುತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಅವನ್ನು ಅಲ್ಲಿ ಅಳಿಸುವುದಿಲ್ಲ.